ಮಾತಿಗಿಂತ ಮುಂಚೆ ಬಂದ ಪಿಸುಮಾತು

"ಆ ಫಿಲ್ಮಿನಲ್ಲಿ ನಾನು ಸತ್ತುಹೋಗಿದೀನಿ, ಆಂಟಿ," ಅಂದಳು ಲಿಂಡೆಲ್ವಾ.

ಮೆಕ್ಕೆಜೋಳದ ನ್ಶಿಮಾ ಮುದ್ದೆಯನ್ನು ಬೆರಳಲ್ಲಿ ಉಂಡೆ ಮಾಡಿ, ಕುಂಬಳದ ಸೊಪ್ಪಿನ ಪಲ್ಯಕ್ಕೆ ಅದ್ದುತ್ತಿದ್ದಳು. ಪಲ್ಯಕ್ಕೆ ಉಪ್ಪು ಸಾಲದು ಅನ್ನೋ ದನಿಯಲ್ಲೇ ಅದನ್ನು ಹೇಳಿ, ತುತ್ತು ಬಾಯಿಗಿಟ್ಟುಕೊಂಡಳು.

ಬಾಗಿಲ ಹತ್ತಿರ ಕೂತಿದ್ದ ಪಕ್ಕದ ಮನೆಯ ತೆಂಬೋ ಕತ್ತು ಚಾಚಿ ಅವಳ ತಟ್ಟೆ ನೋಡಿದ. "ಸತ್ತವರಿಗೆ ಇಷ್ಟು ಹಸಿವಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ ನೋಡು."

"ಬಾಯಿ ಮುಚ್ಚೋ, ಇಲಿ ತಿನ್ನೋನೇ," ಅಂದೆ.

"ಮುಚ್ತೀನಿ. ಕೋತಿ ತಿನ್ನೋರ ಮನೆಗೆ ಊಟಕ್ಕೆ ಬಂದ ಮೇಲೆ ಬಾಯಿ ಮುಚ್ಕೊಂಡಿರೋದೇ ವಾಸಿ."

ಅವನು ಎನ್ಗೋನಿ, ನಾನು ಬೆಂಬಾ. ನಮ್ಮ ಎರಡು ಕುಲದವರು ಹೀಗೆ ಬೈದಾಡಿಕೊಳ್ಳಲೇಬೇಕು. ಹೆಣದ ಮುಂದೆ ಕೂತಿದ್ದರೂ ಸರಿ, ಬೈಯದೆ ಸುಮ್ಮನಿದ್ದರೆ ಮನಸ್ಸಿನಲ್ಲಿ ಏನೋ ಮುನಿಸಿದೆ ಅಂತಲೇ ಲೆಕ್ಕ. ಹುಡುಗಿಗೆ ಅದು ಗೊತ್ತಿರಲಿಲ್ಲ. ಅವಳು ನಗಲಿಲ್ಲ. ಹುಡುಗಿ ಅಂತೀನಿ, ನಲವತ್ತರ ಹೆಂಗಸು ಅವಳು. ಆದರೆ ಅವಳ ತಾಯಿಗೆ ಇಪ್ಪತ್ತೇಳಾಗಿದ್ದಾಗ ನಾನು ಆಕೆಯನ್ನು ನೋಡಿದ್ದೆ. ಅದೇ ಹಣೆ, ಅದೇ ಮುಂಗೈ. ಹಾಗಾಗಿ ನನ್ನ ಕಣ್ಣಿಗೆ ಇವಳು ಹುಡುಗಿಯೇ.

ಹಿಂದಿನ ದಿನ ಕೇಪ್‌ಟೌನಿನಿಂದ ಲುಸಾಕಾಕ್ಕೆ ಬಂದಿಳಿದು, ಚಿಲೆಂಜೆ ಬಡಾವಣೆಯ ನಮ್ಮ ಓಣಿಯ ಹೆಸರು ಹಿಡಿದು ಮನೆಮನೆ ಕೇಳುತ್ತಾ ಬಂದಿದ್ದಳು. ಹಳೇ ಫಿಲ್ಮುಗಳನ್ನು ಹುಡುಕಿ, ತೊಳೆದು, ಮತ್ತೆ ನೋಡುವ ಹಾಗೆ ಮಾಡುವುದು ಅವಳ ಕೆಲಸ. ಅದರಲ್ಲೂ ಬಿಳಿಯರ ಆಳ್ವಿಕೆಯ ಕಾಲದಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಓಡಿಬಂದ ಹೆಂಗಸರು ಪರದೇಶದಲ್ಲಿ ಕೂತು ತೆಗೆದ ಫಿಲ್ಮುಗಳು. "ಗಂಡಸರು ತೆಗೆದಿದ್ದೆಲ್ಲ ಹೆಸರಿನ ಸಮೇತ ಕಪಾಟಿನಲ್ಲಿದೆ ಆಂಟಿ," ಅಂತ ಬಂದ ದಿನವೇ ಹೇಳಿದ್ದಳು. "ಹೆಂಗಸರು ತೆಗೆದಿದ್ದು ಎಲ್ಲಿ ಅಂತ ಕೇಳಿದ್ರೆ, 'ಅವರಾ? ಅವರು ಚಹಾ ಮಾಡ್ತಿದ್ರು' ಅಂತಾರೆ."

ನಮ್ಮ ಪಕ್ಕದ ಮನೆಯಲ್ಲಿ, ಈಗ ತೆಂಬೋ ಬ್ಯಾಟರಿ ಅಂಗಡಿ ಇಟ್ಟಿರುವ ಮನೆಯಲ್ಲೇ, ಆಗ ಅಂಥ ಹೆಂಗಸರಿದ್ದರು. ಅವರ ನಡುವೆ ಪುಲೆಂಗ್ ಅಂತ ಒಬ್ಬಳು. ಕ್ಯಾಮೆರಾ ಹಿಡಿಯೋದನ್ನು ಪೂರ್ವ ಜರ್ಮನಿಯಲ್ಲಿ ಕಲಿತು ಬಂದಿದ್ದಳು. ಕುಳ್ಳಿ, ಕಡಿಮೆ ಮಾತು. ನಗುವಾಗ ಮಾತ್ರ ಗಂಡಸಿನ ಹಾಗೆ ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಅವಳು ತೆಗೆದ ಫಿಲ್ಮು ಹಾಲೆಂಡಿನ ಯಾವುದೋ ಗೋದಾಮಿನಲ್ಲಿ, ಬೇಸಾಯದ ಫಿಲ್ಮುಗಳ ನಡುವೆ ಸಿಕ್ಕಿತಂತೆ. ಡಬ್ಬಿಯ ಮೇಲೆ 'ಕೋಳಿ ಸಾಕಣೆ, ಎರಡನೇ ಭಾಗ' ಅಂತ ಬರೆದಿತ್ತಂತೆ. ಗಡಿಗಳಲ್ಲಿ ಯಾರೂ ತೆಗೆದು ನೋಡದಿರಲಿ ಅಂತ ಪುಲೆಂಗ್ ಹಾಗೆ ಬರೆದು ಕಳಿಸಿದ್ದಳು. ಯಾರೂ ತೆಗೆದು ನೋಡಲೇ ಇಲ್ಲ. ಮೊದಲನೇ ಭಾಗ ಎಲ್ಲಿ ಅಂತಲೂ ಯಾರೂ ಕೇಳಲಿಲ್ಲ. ಊರಿಗೆ ಮರಳಿದ ಮೇಲೆ ಪುಲೆಂಗ್ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ಹಾಗೇ ತೀರಿಕೊಂಡಳಂತೆ.

"ಸತ್ತುಹೋಗಿದೀನಿ ಅಂದ್ರೆ?" ಅಂತ ಕೇಳಿದೆ.

ಲಿಂಡೆಲ್ವಾ ಕೈ ತೊಳೆದುಕೊಂಡಳು. "ನನ್ನ ಅಮ್ಮ ಅದರಲ್ಲಿ ಮಾತಾಡ್ತಾಳೆ. ನನಗೊಂದೇ ಒಂದು ಮಗು ಇತ್ತು, ಹೆಣ್ಣು, ಗಡಿಯ ಬೇಲಿ ದಾಟೋವಾಗ ಸತ್ತುಹೋಯ್ತು ಅಂತಾಳೆ. ಅಳೋದೂ ಇಲ್ಲ." ಟವೆಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. "ನನ್ನನ್ನ ಸಾಕಿದ್ದು ಅಜ್ಜಿ. ನೊಝಿಪೊ ನಿನ್ನ ಅಮ್ಮ, ಲುಸಾಕಾದಲ್ಲಿ ಮಲೇರಿಯಾ ಬಂದು ಹೋದಳು ಅಂತ ಅಜ್ಜಿ ಹೇಳಿದ್ದಳು. ಅಜ್ಜಿ ಈಗಿಲ್ಲ. ಚಿಕ್ಕಮ್ಮನ್ನ ಕೇಳಿದ್ರೆ ಫೋನ್ ಇಡ್ತಾಳೆ. ನೊಝಿಪೊ ಮಗಳು ಬೇಲಿ ಹತ್ರ ಸತ್ತಿದ್ರೆ ಆಂಟಿ, ನಾನು ಯಾರ ಮಗಳು?"

ತೆಂಬೋ ಈಗ ನಿಜಕ್ಕೂ ಬಾಯಿ ಮುಚ್ಚಿದ.

"ಮುಂದಿನ ತಿಂಗಳು ಫಿಲ್ಮು ತೋರಿಸ್ತೀವಿ," ಅಂದಳು. "ಪ್ರತಿಯೊಬ್ಬರ ಮುಖದ ಕೆಳಗೂ ಹೆಸರು ಹಾಕಬೇಕು. 'ನೊಝಿಪೊ, ಮಗುವನ್ನು ಕಳೆದುಕೊಂಡ ತಾಯಿ' ಅಂತ ನಾನೇ ಟೈಪ್ ಮಾಡ್ಬೇಕು. ಮಾಡೋಕಾಗ್ಲಿಲ್ಲ. ಅದಕ್ಕೇ ಬಂದೆ. ಫಿಲ್ಮಿನಲ್ಲಿರೋರಲ್ಲಿ ಬದುಕಿರೋದು ನೀವೊಬ್ಬರೇ."

ಹೌದು, ನಾನೂ ಇದ್ದೆ. ಆಗ ನಾನು ಇನ್ನೂ ಬನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ, ಆಗಿರಲಿಲ್ಲ. ಮದುವೆಯೇ ಆಗಿರಲಿಲ್ಲ. ಚಿಲುಫ್ಯಾ ಅಂತ ಕರೆಯುತ್ತಿದ್ದರು. ಕಿಟಕಿ ಪಕ್ಕ ಮಷೀನು ಹಾಕಿಕೊಂಡು ಶಾಲೆ ಹುಡುಗರ ಯೂನಿಫಾರಂ ಹೊಲಿಯುತ್ತಿದ್ದೆ. ಒಂದು ದಿನ ಪುಲೆಂಗ್ ನಮ್ಮ ಮನೆಯ ಬೇಲಿ ಹತ್ತಿರ ಬಂದು, "ನಿನ್ನ ಮಷೀನಿನ ಸದ್ದು ನನ್ನ ಟೇಪಿನಲ್ಲಿ ಕೂತುಬಿಡುತ್ತೆ ತಾಯಿ, ಒಂದು ಗಂಟೆ ನಿಲ್ಲಿಸ್ತೀಯಾ?" ಅಂತ ಕೇಳಿದಳು. ನಿಲ್ಲಿಸಿದ್ದಕ್ಕೆ ಸಾಬೂನು ಕೊಟ್ಟಳು. ಹಾಗೆ ಶುರುವಾಯಿತು ಪರಿಚಯ.

ಮಧ್ಯಾಹ್ನ ಕರೆಂಟ್ ಹೋಗಿತ್ತು. ನಮ್ಮ ಕಡೆ ಅಕ್ಟೋಬರ್ ಅಂದರೆ ಸುಡುಬಿಸಿಲು, ತಗಡಿನ ಸೂರು ಟಿಕ್ ಟಿಕ್ ಅನ್ನುತ್ತಿತ್ತು. ತೆಂಬೋ ಅಂಗಡಿಯಿಂದ ಲಾರಿಯ ಬ್ಯಾಟರಿ ಹೊತ್ತು ತಂದು ಲ್ಯಾಪ್‌ಟಾಪಿಗೆ ವೈರು ಕೊಟ್ಟ. "ಬೆಂಬಾದವಳ ಮನೆಗೆ ಬೆಳಕು ಬರಬೇಕಾದ್ರೆ ಎನ್ಗೋನಿ ಬರಬೇಕು," ಅಂತ ಗೊಣಗಿಕೊಂಡೇ ಕಿಟಕಿ ಪರದೆ ಎಳೆದ. ಹೋಗುವ ಹಾಗೆ ಕಾಣಲಿಲ್ಲ. ಹಿಂದೊಮ್ಮೆ ಪುಲೆಂಗ್‌ನ ಮದುವೆ ಆಗ್ತೀಯಾ ಅಂತ ಕೇಳಿದವನು ಅವನು. ಮೊದಲು ಸ್ವಾತಂತ್ರ್ಯ ಬಂದ ಮೇಲೆ ನೋಡೋಣ ಅಂದು, ಕೊನೆಗೆ ಬೇಡ ಅಂದಳಂತೆ.

ಲಿಂಡೆಲ್ವಾ ಗುಂಡಿ ಒತ್ತಿದಳು.

ಕಪ್ಪು ಬಿಳುಪು. ಪಕ್ಕದ ಮನೆಯ, ಕಿಟಕಿಗೆ ಕಂಬಳಿ ಹೊಡೆದ ಆ ಕೋಣೆ. ನೊಝಿಪೊ ಮರದ ಕುರ್ಚಿಯಲ್ಲಿ ಕೂತಿದ್ದಳು, ಕೈ ತೊಡೆಯ ಮೇಲೆ. ಸತ್ತು ಮೂವತ್ತು ವರ್ಷಕ್ಕೂ ಮೇಲಾದ ಹೆಂಗಸು ನನ್ನ ಕಡೆ ನೋಡಿ ಉಸಿರು ಎಳೆದುಕೊಂಡಳು. ಅವಳು ಹೇಳಿದಳು:

"ಮಗು ಅಳಬಾರದು ಅಂತ ಕೆಮ್ಮಿನ ಔಷಧಿ ಕುಡಿಸಿದೆ. ಬೇಲಿ ದಾಟೋವರೆಗೂ ಬೆನ್ನ ಮೇಲೆ ಬೆಚ್ಚಗಿತ್ತು. ಬೋಟ್ಸ್ವಾನಾ ಕಡೆ ಹೋಗಿ ಕಂಬಳಿ ಬಿಚ್ಚಿದೆ. ಏಳು ಅಂದೆ. ಏಳಲಿಲ್ಲ. ನನಗಿದ್ದದ್ದು ಅದೊಂದೇ ಹೆಣ್ಣುಮಗು."

ದನಿ ಸ್ವಚ್ಛವಾಗಿತ್ತು, ಈಗ ತಾನೇ ತೊಳೆದ ಗಾಜಿನ ಲೋಟದ ಹಾಗೆ. ಅದೇ ನನಗೆ ಸರಿ ಕಾಣಲಿಲ್ಲ. ನೊಝಿಪೊ ದನಿ ಹೌದು. ಆದರೆ ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದ ಯಾವತ್ತೂ ಇರಲಿಲ್ಲ.

"ಇಷ್ಟು ಚೆನ್ನಾಗಿತ್ತಾ ಆ ಟೇಪು?"

"ಇಲ್ಲ, ನಾವು ತೊಳೆದದ್ದು," ಅಂದಳು ಲಿಂಡೆಲ್ವಾ. "ಹಳೇ ಟೇಪುಗಳಲ್ಲಿ ಒಂದು ಕಾಯಿಲೆ ಇರುತ್ತೆ ಆಂಟಿ. ವರ್ಷಗಟ್ಟಲೆ ಸುತ್ತಿಟ್ಟಾಗ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತೆ. ಅದಕ್ಕೇ ಮಾತು ಬರೋ ಮುಂಚೆ ಆ ಮಾತಿನದೇ ನೆರಳು ಸಣ್ಣಗೆ ಕೇಳಿಸುತ್ತೆ. ಈ ಟೇಪಿನಲ್ಲಿ ಅದು ಬಹಳ ಇತ್ತು. ನಮ್ಮ ಸೌಂಡಿನವರು ಒಂದು ವಾರ ಕೂತು ತೆಗೆದರು."

"ತೊಳೆಯೋ ಮುಂಚಿನದು ಇದೆಯಾ?"

ಇತ್ತು. ಹಚ್ಚಿದಳು.

ಅದೇ ಚಿತ್ರ. ಅದೇ ನೊಝಿಪೊ. ಈಗ ಕೋಣೆ ತುಂಬ ಸದ್ದು, ಕಂಬಳಿ ಸುತ್ತಿದ ಕ್ಯಾಮೆರಾದ ಗುರ್ ಗುರ್, ದೂರದಲ್ಲಿ ಒಂದು ನಾಯಿ. ಆಮೇಲೆ, ನೊಝಿಪೊ ಬಾಯಿ ತೆರೆಯುವ ಮುಂಚೆ, ಎಲ್ಲೋ ತುಂಬ ಹತ್ತಿರದಿಂದ ಒಂದು ಪಿಸುಮಾತು: ಮಗು ಅಳಬಾರದು ಅಂತ. ಬೆನ್ನಿಗೇ ನೊಝಿಪೊ: "ಮಗು ಅಳಬಾರದು ಅಂತ..." ಮತ್ತೆ ಪಿಸುಮಾತು: ಬೆನ್ನ ಮೇಲೆ ಬೆಚ್ಚಗಿತ್ತು. ನೊಝಿಪೊ: "ಬೆನ್ನ ಮೇಲೆ ಬೆಚ್ಚಗಿತ್ತು."



ತೆಂಬೋಗೆ ಕಿವಿ ಸ್ವಲ್ಪ ಮಂದ. ಕುರ್ಚಿ ಎಳೆದುಕೊಂಡು ಮುಂದೆ ಬಂದು, ಲ್ಯಾಪ್‌ಟಾಪಿಗೆ ಕಿವಿ ಕೊಟ್ಟು ಕೂತ.

"ಇದು ನೆರಳಲ್ಲ," ಅಂದ. "ಇದು ಪುಲೆಂಗ್."

"ತಾತಾ, ಅದು ಅಮ್ಮನ ದನಿಯೇ, ಟೇಪಿನ ಕಾಯಿಲೆಯಿಂದ ಹಾಗೆ..."

"ಮದುವೆ ಬೇಡ ಅಂತ ಇದೇ ದನೀಲಿ ಹೇಳಿಸಿಕೊಂಡೋನು ನಾನು. ನನಗೆ ಹೇಳ್ಬೇಡ."

ಲಿಂಡೆಲ್ವಾ ಹೆಡ್‌ಫೋನ್ ಹಾಕಿಕೊಂಡಳು. ಮುಂದೆ ಓಡಿಸಿದಳು, ಹಿಂದೆ ತಂದಳು, ಮತ್ತೆ ಮುಂದೆ. ಕೊನೆಯ ಹತ್ತಿರ ಒಂದು ಕಡೆ ನೊಝಿಪೊ ಸುಮ್ಮನೆ ನೆಲ ನೋಡುತ್ತಾ ಕೂರುತ್ತಾಳೆ. ಅಲ್ಲಿ ಬಂದಾಗ ಲಿಂಡೆಲ್ವಾ ಮುಖ ಬದಲಾಯಿತು. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟಳು.

ನೊಝಿಪೊ ತುಟಿ ಅಲ್ಲಾಡುತ್ತಿಲ್ಲ. ಪಿಸುಮಾತು ಮಾತ್ರ: ಅವಳ ಹೆಸರು ಮೋಸಾ. ಸ್ವಲ್ಪ ತಡೆದು, ಮತ್ತೆ, ಇನ್ನೂ ಸಣ್ಣಗೆ: ಮೋಸಾ. ನೊಝಿಪೊ ಅದನ್ನು ಹೇಳಲೇ ಇಲ್ಲ. ಚಿತ್ರ ಅಲ್ಲಿಗೆ ಮುಗಿಯಿತು.

"ದನಿ ಹೇಳದೇ ಇದ್ದದ್ದನ್ನ ಅದರ ನೆರಳು ಹೇಗೆ ಹೇಳುತ್ತೆ?" ಅಂದಳು ಲಿಂಡೆಲ್ವಾ. ಯಾರನ್ನೂ ಕೇಳಿದ್ದಲ್ಲ ಅದು. "ಮೋಸಾ ಅನ್ನೋದು ನಮ್ಮ ಕಡೆ ಹೆಸರೂ ಅಲ್ಲ. ಸೋಥೋ ಜನದ್ದು. ಪುಲೆಂಗ್ ಜನದ್ದು." ಎದ್ದು ನಿಂತಳು, ಮತ್ತೆ ಕೂತಳು. "ಆಂಟಿ, ನಾವು ಒಂದು ವಾರ ಕೂತು ಈ ಹೆಂಗಸನ್ನೇ ಒರೆಸಿ ತೆಗೆದುಬಿಟ್ವಿ."

ಆಗ ನಾನು ಅವಳಿಗೆ ಹೇಳಬೇಕಾಯಿತು. ಯಾರಿಗೂ ಹೇಳುವುದಿಲ್ಲ ಅಂತ ಪುಲೆಂಗ್‌ಗೆ ಮಾತು ಕೊಟ್ಟಿದ್ದೆ, ಆದರೆ ಅದು ಅವರೆಲ್ಲ ಊರಿಗೆ ಮರಳುವವರೆಗೆ ಮಾತ್ರ. ಮರಳಬೇಕಾದವರು ಮರಳಿದರು, ಉಳಿದವರು ಇಲ್ಲೇ ಮಣ್ಣಾದರು. ಇನ್ನು ಯಾರಿಗೋಸ್ಕರ ಮುಚ್ಚಿಡಲಿ?

"ನೋಡು ಮಗಳೇ," ಅಂದೆ. "ಈ ಹೆಂಗಸರು ಓಡಿಬಂದದ್ದು ಅಲ್ಲಿನ ಪೊಲೀಸರಿಗೆ ಗೊತ್ತಿತ್ತು. ಮುಖ ಮುಚ್ಚಿಟ್ಟು ಪ್ರಯೋಜನ ಇರಲಿಲ್ಲ. ಯಾರನ್ನ ಬಿಟ್ಟು ಬಂದರು, ಎಲ್ಲಿ ಬಿಟ್ಟು ಬಂದರು, ಅದು ಗೊತ್ತಾಗಬಾರದಿತ್ತು. ಗೊತ್ತಾದ್ರೆ ಆ ಮನೆ ಬಾಗಿಲಿಗೆ ಜೀಪು ಹೋಗ್ತಿತ್ತು. ಅದಕ್ಕೇ ಪುಲೆಂಗ್ ಒಂದು ಉಪಾಯ ಮಾಡಿದಳು. ಒಬ್ಬಳ ಕಥೆ ಇನ್ನೊಬ್ಬಳ ಬಾಯಲ್ಲಿ. ಅಡಿಗೆಮನೇಲಿ ಒಬ್ಬೊಬ್ಬಳನ್ನೇ ಕೂರಿಸ್ಕೊಂಡು ಕಥೆ ಕೇಳೋಳು. ಆಮೇಲೆ ಅದನ್ನ ಬೇರೆಯವಳಿಗೆ ಕಲಿಸೋಳು, 'ನಾನು' 'ನನ್ನ ಮಗು' ಅಂತಲೇ. ಯಾರ ಕಥೆ ಅಂತ ಹೇಳ್ತಿರಲಿಲ್ಲ. ಮರೆತರೆ ಕ್ಯಾಮೆರಾ ಹಿಂದಿಂದ ಪಿಸುಗುಟ್ಟೋಳು."

"ಮತ್ತೆ ಕಥೆ ಕೊಟ್ಟವಳು?"

"ಕೊಟ್ಟ ಮೇಲೆ ಅವಳು ಅದನ್ನ ಬಾಯಿಗೆ ತರಬಾರದು. ಅದು ನೇಮ. ನಿನ್ನ ಅಮ್ಮ ಎಷ್ಟು ಚೆನ್ನಾಗಿ ನಡೆಸಿದಳು ಅಂದ್ರೆ, ಸಂತೇಲಿ ಯಾರಾದ್ರೂ ಮಕ್ಕಳೆಷ್ಟು ಅಂತ ಕೇಳಿದ್ರೆ 'ಇನ್ನೂ ಆಗಿಲ್ಲ' ಅಂತ ನಕ್ಕುಬಿಡೋಳು. ನಾನು ಪಕ್ಕದಲ್ಲೇ ನಿಂತು ಕೇಳಿದೀನಿ. ಸುಳ್ಳು ಹೇಳೋ ಮುಖ ಅಲ್ಲ ಅದು. ನಿಜವಾಗ್ಲೂ ಇಲ್ಲದವಳ ಹಾಗೇ."

ತೆಂಬೋ ಮೆಲ್ಲಗೆ ಕೇಳಿದ. "ಹಾಗಾದ್ರೆ ಬೇಲಿ ಹತ್ರ ಸತ್ತ ಮಗು ಪುಲೆಂಗ್‌ದಾ?"

ನಾನು ಯೋಚಿಸಿದೆ. ಇಷ್ಟು ವರ್ಷ ಅರ್ಥವಾಗದೇ ಇದ್ದದ್ದು ಆ ಗಳಿಗೆಯಲ್ಲಿ ಅರ್ಥವಾಯಿತು. ಮನೆಯಲ್ಲಿದ್ದವರು ಪುಲೆಂಗ್ ಬಿಟ್ಟು ನಾಲ್ಕು ಹೆಂಗಸರು. ನಾಲ್ಕು ಬಾಯಿ, ನಾಲ್ಕು ಕಥೆ, ಅದಲು ಬದಲು ಮಾಡಿಕೊಂಡರೆ ಸರಿಹೋಗಬೇಕು. ಆದರೂ ಒಂದು ಕಥೆ ಬಾಯಿಲ್ಲದೆ ಉಳಿಯಿತು. ಅದಕ್ಕೇ ಪುಲೆಂಗ್ ನಮ್ಮ ಮನೆಯ ಬೇಲಿ ಹತ್ತಿರ ಬಂದು, "ಚಿಲುಫ್ಯಾ, ನಿನ್ನ ಮುಖ ಒಂದು ಗಂಟೆ ಸಾಲ ಕೊಡ್ತೀಯಾ?" ಅಂತ ಕೇಳಿದ್ದಳು. ನಾನು ಯಾಕೆ, ನಿಮ್ಮಲ್ಲೇ ಜನ ಇಲ್ಲವಾ ಅಂದಿದ್ದೆ. ಅವಳು ಉತ್ತರ ಕೊಟ್ಟಿರಲಿಲ್ಲ. ಈಗ ಗೊತ್ತಾಯಿತು. ಐದನೆಯ ಕಥೆ ಅವಳದೇ. ಅದನ್ನವಳು ನೊಝಿಪೊ ಬಾಯಿಗೆ ಹಾಕಿದಳು, ಕ್ಯಾಮೆರಾ ಹಿಂದೆ ನಿಂತು ತನ್ನ ಮಗುವಿನ ಸಾವನ್ನು ಪದಪದವಾಗಿ ಹೇಳಿಕೊಟ್ಟಳು, ಹೆಸರು ಬಂದಾಗ ಮಾತ್ರ ನೊಝಿಪೊ ಹೇಳಲಿಲ್ಲ. ಹೇಳಬೇಡ ಅಂದಿದ್ದಳೋ, ಹೇಳಲಾಗಲಿಲ್ಲವೋ.

"ಅದನ್ನ ನೊಝಿಪೊಗೇ ಯಾಕೆ ಕೊಟ್ಟಳು?" ಅಂದ ತೆಂಬೋ. ಆಮೇಲೆ ತಾನೇ ತಲೆ ಕೆರೆದುಕೊಂಡ. "ಆಹ್. ಮಗು ಸತ್ತುಹೋಯ್ತು ಅಂತ ತಾಯೇ ಹೇಳಿದ ಮೇಲೆ ಯಾವ ಪೊಲೀಸು ಹುಡುಕ್ತಾನೆ? ಲಿಂಡೆಲ್ವಾ, ನಿನ್ನನ್ನ ಸಾಯಿಸಿ ಬಚ್ಚಿಟ್ಟಿದ್ದಾರೆ ಕಣೇ ಇಬ್ಬರೂ ಸೇರಿ."

"ನಾನು ನೊಝಿಪೊ ಮಗಳಾಗಿದ್ರೆ ತಾನೆ, ತಾತಾ," ಅಂದಳು ಅವಳು. "ಅಮ್ಮನಿಗೆ ಬೇರೆ ಕಥೆ ಇತ್ತು ಅಂತ ಆಯ್ತು. ಏನು ಕಥೆ? ಮಗುವಿನ ಕಥೆಯೇ ಅಂತ ಏನು ಖಾತ್ರಿ? ಆಂಟಿ, ನಿಮಗೆ ಸಿಕ್ಕ ಕಥೆ ಯಾವುದು?"

"ನನ್ನ ರೀಲು ನಿನ್ನ ಹತ್ರ ಇದೆಯಲ್ಲ, ಕೇಳಿಲ್ವಾ?"

"ಚಿತ್ರ ಇದೆ. ದನಿ ಇಲ್ಲ. ದನಿಯ ಟೇಪು ಬೇರೆ ಇತ್ತು, ಅದು ಹುಳಿ ಹಿಡಿದು ಅಂಟಿಕೊಂಡುಬಿಟ್ಟಿದೆ. ಡಬ್ಬಿ ತೆಗೆದ್ರೆ ಹಳೇ ಉಪ್ಪಿನಕಾಯಿ ಜಾಡಿ ಹಾಗೆ ವಾಸನೆ. ನೀವು ಬಾಯಿ ಆಡಿಸ್ತೀರಿ, ಏನೂ ಕೇಳಲ್ಲ."

ಹಚ್ಚಿ ತೋರಿಸಿದಳು. ಅಲ್ಲಿ ಒಬ್ಬಳು ಹುಡುಗಿ ಕೂತಿದ್ದಳು, ಪುಲೆಂಗ್‌ನ ತಲೆವಸ್ತ್ರ ಕಟ್ಟಿಕೊಂಡು, ಹತ್ತೊಂಬತ್ತರ ವಯಸ್ಸು, ಕೆನ್ನೆ ತುಂಬಿಕೊಂಡು. ನಾನು ಅಂತ ಗೊತ್ತು, ಆದರೂ ಯಾರೋ ಅನ್ನಿಸಿತು. ಅವಳು ಮಾತಾಡುತ್ತಲೇ ಇದ್ದಳು. ಮೀನು ನೀರೊಳಗೆ ಬಾಯಿ ಬಿಡುವ ಹಾಗೆ.

"ಒಳ್ಳೇ ಹುಡುಗಿ," ಅಂದ ತೆಂಬೋ. "ಮಾತು ಕೇಳಿಸದೇ ಇರೋ ಬೆಂಬಾ ಹೆಂಗಸನ್ನ ನಾನು ನೋಡಿದ್ದು ಇದೇ ಮೊದಲು."

ನಾನು ಬೈಯಲಿಲ್ಲ. ಅವನೇ ಗಾಬರಿಯಾಗಿ ನನ್ನ ಮುಖ ನೋಡಿದ.

ನನಗೆ ಭಯವಾಗಿತ್ತು. ಆ ಕಥೆ ನನ್ನೊಳಗೆ ಎಷ್ಟು ವರ್ಷದಿಂದ ಇತ್ತು ಅಂದರೆ, ಅದು ನನ್ನದಲ್ಲ ಅನ್ನುವುದೇ ಕೆಲವು ಸಲ ಮರೆತುಹೋಗುತ್ತಿತ್ತು. ನಾನು ಯಾವತ್ತೂ ಹೋಗದ ಒಂದು ಓಣಿ ನನಗೆ ಗೊತ್ತು. ಅಲ್ಲಿನ ಗೇಟಿನ ಕೀಲು ಕಿರ್ ಅನ್ನುವುದು ಗೊತ್ತು. ನನಗೆ ಮಕ್ಕಳಾದವು, ನಾಲ್ಕು. ಊಟಕ್ಕೆ ಮಕ್ಕಳ ತಟ್ಟೆ ಇಟ್ಟಾಗೆಲ್ಲ ಐದು ಇಡುತ್ತಿದ್ದೆ. ಗಂಡ ಬೈಯುತ್ತಿದ್ದ. ಬೆಂಬಾದವರಿಗೆ ಎಣಿಸೋಕೆ ಬರಲ್ಲ ಅಂತ ಇದೇ ತೆಂಬೋ ಊರೆಲ್ಲ ಹೇಳಿಕೊಂಡು ಬಂದ. ಆ ತಟ್ಟೆ ಯಾರದು ಅಂತ ನನಗೆ ಗೊತ್ತಿತ್ತು. ನನ್ನೊಳಗಿದ್ದ ಕಥೆಯ ಆ ಮಗುವಿಗೆ ವಯಸ್ಸಾಗುತ್ತಲೇ ಇರಲಿಲ್ಲ.

"ಹೇಳ್ತೀನಿ," ಅಂದೆ. "ಆದ್ರೆ ಸುಮ್ಮನೆ ಹೇಳೋಕೆ ಬರಲ್ಲ. ಪುಲೆಂಗ್ ಕಲಿಸಿದ ಹಾಗೇ ಬರೋದು. ಆ ಹುಡುಗೀನ ಓಡಿಸು, ಅವಳ ಬಾಯಿ ನೋಡ್ಕೊಂಡು ಹೇಳ್ತೀನಿ."

ಲಿಂಡೆಲ್ವಾ ಸಣ್ಣ ಮೈಕು ತೆಗೆದು ನನ್ನ ಮುಂದೆ, ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಳು. ತೆಂಬೋಗೆ ಉಸಿರಾಡಬೇಡ ಅಂದಳು. ಮೊದಲ ಸಲ ನಾನು ಹಿಂದೆ ಬಿದ್ದೆ, ಹುಡುಗಿ ಮುಂದೆ ಹೋದಳು. ನನಗೀಗ ಅಷ್ಟು ಉಸಿರಿಲ್ಲ. ಇನ್ನೊಂದು ಸಲ ಹಚ್ಚಿದಳು. ಕನ್ನಡಕ ಹಾಕಿಕೊಂಡೆ. ಈ ಸಲ ನೆನಪು ಮಾಡಿಕೊಳ್ಳಲು ಹೋಗಲಿಲ್ಲ, ಅವಳ ತುಟಿ ನೋಡಿದೆ ಅಷ್ಟೆ.

ಹಿಂದಿನಿಂದ ಯಾರೋ ಮೆಲ್ಲಗೆ ಮೊದಲ ಮಾತು ಹೇಳಿಕೊಟ್ಟರು. ತೆಂಬೋ ಅಂದುಕೊಂಡೆ. ಆದರೆ ಅವನು ಕಣ್ಣ ಅಂಚಿನಲ್ಲಿ ಕಂಡ, ಬಾಗಿಲ ಹತ್ತಿರ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದ.

ನಿಲ್ಲಿಸಲಿಲ್ಲ. ಹೇಳಿದೆ:

"ಬೆಳಕು ಹರಿಯೋ ಮುಂಚೆ ಹೊರಡಬೇಕಿತ್ತು. ಮಗಳು ಎದ್ದುಬಿಟ್ಟಳು. ಎತ್ತಿಕೋ ಅಂದಳು. ಎತ್ತಿಕೊಂಡರೆ ಇಳಿಸೋಕೆ ನನ್ನಿಂದ ಆಗ್ತಿರಲಿಲ್ಲ. ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು ಕೈಗೆ ಕೊಟ್ಟೆ. ಇದರ ಸಿಪ್ಪೆ ಬಿಡಿಸು ಕಂದಾ, ಪೂರ್ತಿ ಬಿಡಿಸಿದ ಮೇಲೆ ಒಳಗೆ ಏನಿದೆ ನೋಡು, ನೀನು ನೋಡೋ ಹೊತ್ತಿಗೆ ನಾನು ಬಂದಿರ್ತೀನಿ ಅಂದೆ. ಈರುಳ್ಳಿ ಬಿಡಿಸೋವಾಗ ಎಲ್ಲರೂ ಅಳ್ತಾರೆ. ಅಕ್ಕಪಕ್ಕದವರು ನೋಡಿದ್ರೂ ಮಗು ಯಾಕೆ ಅಳ್ತಿದೆ ಅಂತ ಕೇಳಲ್ಲ. ಗೇಟು ಕಿರ್ ಅಂತು. ತಿರುಗಿ ನೋಡಿದೆ. ನೀಲಿ ಮೆಟ್ಟಿಲ ಮೇಲೆ ಕೂತು ಬಿಡಿಸ್ತಾ ಇದ್ದಳು. ತಲೆ ಎತ್ತಲಿಲ್ಲ. ಎತ್ತಿದ್ರೆ ನಾನು ಹೋಗ್ತಿರಲಿಲ್ಲ."

ಪರದೆಯ ಮೇಲಿನ ಹುಡುಗಿಯೂ ನಾನೂ ಒಟ್ಟಿಗೇ ಬಾಯಿ ಮುಚ್ಚಿದೆವು.

ಹೊರಗೆ ಟೊಮೇಟೊ ಮಾರುವವಳು ಕೂಗಿಕೊಂಡು ಹೋದಳು. ಲಿಂಡೆಲ್ವಾ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಒಳಗೇನೂ ಇರಲಿಲ್ಲ, ಆಂಟಿ," ಅಂದಳು.

"ಏನಂದೆ?"

"ಕೊನೇ ತನಕ ಬಿಡಿಸಿದೆ. ಒಳಗೆ ಏನೂ ಇರಲಿಲ್ಲ. ನಾನು ತಪ್ಪಾಗಿ ಬಿಡಿಸಿದೀನಿ, ಅದಕ್ಕೇ ಬರಲಿಲ್ಲ ಅಂದುಕೊಂಡೆ. ಅಜ್ಜಿ ಎದ್ದು ಬಂದಾಗ ಸಿಪ್ಪೆಯನ್ನೆಲ್ಲ ಮತ್ತೆ ಜೋಡಿಸ್ತಾ ಕೂತಿದ್ದೆ." ಈಗ ಅಳು ಬಂತು ಅವಳಿಗೆ, ಸದ್ದಿಲ್ಲದೆ, ಮೂಗಿನ ತುದಿಯಿಂದ ತೊಟ್ಟಿಕ್ಕುವ ಹಾಗೆ. "ಇದನ್ನ ನಾನು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ. ಕನಸು ಅಂದುಕೊಂಡಿದ್ದೆ. ಮೆಟ್ಟಿಲು ಮಾತ್ರ ನೀಲಿ ಅಲ್ಲ, ಹಸಿರು."

"ನೀಲಿ ಅಂತಲೇ ಹೇಳಿಕೊಟ್ಟಿದ್ದು."

"ಬದಲಾಯಿಸಿರ್ತಾರೆ. ಮನೆ ಗುರುತು ಸಿಗಬಾರದು ಅಂತ." ಮುಖ ಒರೆಸಿಕೊಂಡು, ಅಳುವಿನ ನಡುವೆಯೇ ನಕ್ಕಳು. "ನಾನು ಸತ್ತೆ ಅಂತ ಹೇಳಿದ ಮೇಲೂ ಮೆಟ್ಟಿಲ ಬಣ್ಣ ಬದಲಾಯ್ಸಿದಾರೆ ನೋಡಿ."

"ನಾನು ಅವತ್ತೇ ಹೇಳಿದೆ," ಅಂದ ತೆಂಬೋ, ಮೂಗು ಸೊರಸೊರ ಎಳೆಯುತ್ತಾ. "ಆ ಮನೆ ಹೆಂಗಸರನ್ನ ಮದುವೆ ಆದ್ರೆ ಗಂಡಂಗೆ ಒಂದು ನಿಜಾನೂ ಸಿಗಲ್ಲ ಅಂತ."

"ಕೇಳಿದ್ದು ನೀನು, ಬೇಡ ಅಂದಿದ್ದು ಅವಳು!"

"ಅದೂ ನಿಜಾನೋ ಏನೋ, ಯಾರಿಗೆ ಗೊತ್ತು."

ಅವನಿಗೊಂದು ಬೈಗುಳ ಕೊಡೋಣ ಅಂತ ಬಾಯಿ ತೆರೆದೆ. ತೆರೆದವಳು ಹಾಗೇ ನಿಂತೆ. ಏನೋ ಹಗುರಾಗಿತ್ತು. ಹಲ್ಲು ಕಿತ್ತ ಮೇಲೆ ನಾಲಿಗೆ ಆ ಜಾಗಕ್ಕೆ ಹೋಗಿ ಹುಡುಕುತ್ತದಲ್ಲ, ಹಾಗೆ ಹುಡುಕಿದೆ. ಗೇಟು ಹೇಗೆ ಸದ್ದು ಮಾಡುತ್ತಿತ್ತು? ಈಗ ತಾನೇ ನಾನೇ ಹೇಳಿದ್ದೆ. ಹೇಳಿದ್ದೆ ಅನ್ನುವುದು ಗೊತ್ತು. ನೆನಪಿನಲ್ಲಿ ಆ ಸದ್ದೇ ಇರಲಿಲ್ಲ.

ಲಿಂಡೆಲ್ವಾ ಹೆಡ್‌ಫೋನ್ ಹಾಕಿಕೊಂಡು ಆಗಲೇ ತನ್ನ ಕೆಲಸಕ್ಕೆ ಕೂತಿದ್ದಳು, ನನ್ನ ದನಿಯನ್ನು ಆ ಹುಡುಗಿಯ ತುಟಿಗೆ ಸರಿಯಾಗಿ ಕೂರಿಸುತ್ತಾ. ಕೇಳುತ್ತಾ ಕೇಳುತ್ತಾ ಅವಳ ಬೆರಳು ನಿಂತಿತು. ಹಿಂದೆ ತಂದು ಮತ್ತೆ ಕೇಳಿದಳು. ಹೆಡ್‌ಫೋನ್ ಸರಿಸಿ ನನ್ನ ಕಡೆ ತಿರುಗಿದಳು.

"ಆಂಟಿ, ಹೇಳೋ ಮುಂಚೆ ಪ್ರತಿ ಮಾತನ್ನೂ ಒಂದು ಸಲ ಉಸಿರಲ್ಲಿ ಹೇಳ್ಕೊತಿದ್ರಾ?"

"ಇಲ್ಲ."

ಅವಳು ತೆಂಬೋನ ನೋಡಿದಳು. ಅವನು ತಾನಲ್ಲ ಅಂತ ತಲೆ ಅಲ್ಲಾಡಿಸಿದ.

"ಇದೂ ಟೇಪಿನ ಕಾಯಿಲೆಯಾ?" ಅಂತ ಕೇಳಿದೆ.

"ಇದರಲ್ಲಿ ಟೇಪೇ ಇಲ್ಲ, ಆಂಟಿ."

"ತೊಳೆದು ತೆಗೀತೀಯಾ?"

"ಇಲ್ಲ," ಅಂದಳು. "ಇದಿರಲಿ. ಅಮ್ಮನ ರೀಲಿಗೂ ವಾಪಸ್ ಹಾಕ್ತೀನಿ. ಮುಖದ ಕೆಳಗೆ ಎರಡು ಹೆಸರು ಬರೀತೀನಿ, ಹೇಳಿದವಳದೊಂದು, ಕಥೆ ಕೊಟ್ಟವಳದೊಂದು."

ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದಳು. ತೆಂಬೋ ಅವಳಿಗೆ ನಲ್ಲಿ ತೋರಿಸುವ ನೆಪದಲ್ಲಿ ಬೇಗ ಬೇಗ ಹಿಂದೆಯೇ ಹೋದ. ಲ್ಯಾಪ್‌ಟಾಪು ನಿಲ್ಲಿಸುವುದನ್ನು ಮರೆತಿದ್ದಳು. ರೀಲು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ತಲೆವಸ್ತ್ರದ ಹುಡುಗಿ ನನ್ನ ಕಡೆ ನೋಡಿ ಉಸಿರು ಎಳೆದುಕೊಂಡು, ಸದ್ದಿಲ್ಲದೆ ಮಾತಾಡತೊಡಗಿದಳು. ನಾನು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ಅವಳ ತುಟಿಯನ್ನೇ ನೋಡಿದೆ. ಏನು ಹೇಳುತ್ತಿದ್ದಾಳೋ ಒಂದು ಅಕ್ಷರವೂ ತಿಳಿಯಲಿಲ್ಲ.